ಹದಿನಾಡಿನ ಅಳಿಯ: ಯದುರಾಯ ಕಥನದ ಪಾಠಗಳ ಮರುಪರಿಶೀಲನೆ

ಮೈಸೂರು ಒಡೆಯರ ವಂಶಸ್ಥಾಪಕನೆಂದು ಪ್ರಸಿದ್ಧನಾಗಿರುವ ಯದುರಾಯನ ಕಥೆಯನ್ನು ಹಳೆಯ ಮೈಸೂರು ಸೀಮೆಯಲ್ಲಿ ಕೇಳದವರು ವಿರಳ. ದ್ವಾರಕೆಯಿಂದ ಹೊರಟ ಯದುರಾಯ ಮತ್ತು ಕೃಷ್ಣರಾಯರೆಂಬ ಸೋದರರು ಯದುಗಿರಿಯ ನಾರಾಯಣನ ದರ್ಶನ ಮಾಡಿಕೊಂಡು ಮೈಸೂರಿಗೆ ಬರುತ್ತಾರೆ. ಕೆರೆಯ ಕೋಡಿಯ ಭೈರವನ ಗುಡಿಯ ಬಳಿ ತಂಗುತ್ತಾರೆ. ನೀರಿಗೆ ಬಂದ ಹೆಂಗಸರ ಮಾತಿನಿಂದ ಅಲ್ಲಿಯ ಅರಸು ಮನೆತನದ ಸಂಕಟ ಅವರಿಗೆ ತಿಳಿಯುತ್ತದೆ. ಅರಸ ಚಾಮರಾಜ ಇಲ್ಲ. ಉಳಿದವರು ಆತನ ಹೆಂಡತಿ ಮತ್ತು ಒಬ್ಬಳೇ ಮಗಳು. ಕಾರುಗಹಳ್ಳಿಯ ಮಾರನಾಯಕ ಆ ಮಗಳನ್ನು ತನಗೆ ಕೊಡಬೇಕೆಂದು ಬಲವಂತ ಮಾಡುತ್ತಿದ್ದಾನೆ. ಜಂಗಮನೊಬ್ಬನ ನೆರವಿನಿಂದ ಸೋದರರು ಮಾರನಾಯಕನನ್ನು ಕೊಲ್ಲುತ್ತಾರೆ. ಯದುರಾಯ ಆ ಕನ್ಯೆಯ ಕೈಹಿಡಿದು 1399ರಲ್ಲಿ ಪಟ್ಟವೇರುತ್ತಾನೆ. ನೆರವಾದ ಜಂಗಮನ ನೆನಪಿಗೆ 'ಒಡೆಯ' ಎಂಬ ಹೆಸರನ್ನು ತನ್ನ ಹೆಸರಿನ ಮುಂದೆ ಸೇರಿಸಿಕೊಳ್ಳುತ್ತಾನೆ.

ಪಠ್ಯಪುಸ್ತಕಗಳಿಂದ ದಸರೆಯ ವಿಶೇಷ ಸಂಚಿಕೆಗಳವರೆಗೆ ಇದೇ ಪಾಠ ಚಾಲ್ತಿಯಲ್ಲಿದೆ. ಇದನ್ನು ಓದಿದವರಲ್ಲಿ ಹೆಚ್ಚಿನವರು ವೀರನೊಬ್ಬನ ಕಥೆಯೆಂದೇ ಓದುತ್ತಾರೆ: ವೀರ ಬಂದ, ದುಷ್ಟನನ್ನು ಕೊಂದ, ರಾಜ್ಯ ಪಡೆದ, ಬಹುಮಾನವಾಗಿ ಹೆಣ್ಣನ್ನೂ ಪಡೆದ. ಆದರೆ ಕಥೆಯ ಒಳಗಿನ ಸಂಗತಿಗಳನ್ನು ಕ್ರಮವಾಗಿ ಜೋಡಿಸಿದರೆ ಬೇರೊಂದು ಅರ್ಥ ಹೊರಡುತ್ತದೆ. ಮಾರನಾಯಕನನ್ನು ಕೊಂದದ್ದರಿಂದ ಯದುರಾಯನಿಗೆ ಹದಿನಾಡು ದಕ್ಕಲಿಲ್ಲ. ಹದಿನಾಡು ಮಾರನಾಯಕನದಾಗಿರಲೇ ಇಲ್ಲ. ಅದು ಆ ಹೆಣ್ಣುಮಗಳ ತವರಿನದು. ಕೊಲೆಯಿಂದ ದೊರೆತದ್ದು ಹೆಚ್ಚೆಂದರೆ ಕಾರುಗಹಳ್ಳಿ. ಪಟ್ಟ ದೊರೆತದ್ದು ಮದುವೆಯಿಂದ. ಇಲ್ಲಿ ಮದುವೆಯೆಂಬುದು ಬಹುಮಾನವಲ್ಲ, ಹಕ್ಕುಪತ್ರ. ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ ಮೈಸೂರು ವಂಶದ ಮೂಲಪುರುಷ ಒಬ್ಬ ಮನೆ ಅಳಿಯ. ಈ ಸರಳ ಸಂಗತಿಯನ್ನು ಬರಹದ ಪರಂಪರೆ ಹೇಗೆ ಹಿಂದೆ ಸರಿಸುತ್ತ ಬಂದಿತು, ಅದರಿಂದ ಕಥನದೊಳಗಿನ ಯಾರು ಯಾರು ಮಾತು ಕಳೆದುಕೊಂಡರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾಲದ ಪ್ರಶ್ನೆ. ಒಡೆಯರು ತಾವೇ ಹೊರಡಿಸಿದ ಶಾಸನಗಳಲ್ಲಿ ಇಂದು ಲಭ್ಯವಿರುವ ಅತ್ಯಂತ ಹಳೆಯದು 1551ರದು, ತಿಮ್ಮರಾಜನ ಕಾಲದ್ದು. 1399ಕ್ಕೂ 1551ಕ್ಕೂ ನಡುವೆ ನೂರೈವತ್ತು ವರ್ಷಗಳ ಅಂತರವಿದೆ. ಸಿ. ಹಯವದನರಾಯರು 1943ರಿಂದ 1946ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮೈಸೂರಿನ ಇತಿಹಾಸ 1399ನ್ನು ತನ್ನ ಶೀರ್ಷಿಕೆಯಲ್ಲಿಯೇ ಆರಂಭದ ವರ್ಷವಾಗಿ ಇಟ್ಟುಕೊಂಡಿದೆ. ಇತಿಹಾಸಕಾರರಿಗೆ ಆರಂಭಕ್ಕೊಂದು ಇಸವಿ ಬೇಕು, ಸರಿ. ಆದರೆ ಆ ಇಸವಿಯಲ್ಲಿ ನಡೆಯಿತೆನ್ನುವ ಘಟನೆ ನಮಗೆ ದೊರೆಯುವುದು ಕಥನವಾಗಿಯೇ ಹೊರತು ದಾಖಲೆಯಾಗಿ ಅಲ್ಲ. ಕಥನವೆಂದ ಮೇಲೆ ಅದನ್ನು ಪಾಠಾಂತರಗಳೊಡನೆ, ಆಶಯಗಳೊಡನೆ, ಹೇಳಿದವರ ಹಿತಾಸಕ್ತಿಯೊಡನೆ ಓದಬೇಕಾಗುತ್ತದೆ. 'ಇದು ನಿಜವಾಗಿ ನಡೆಯಿತೇ' ಎಂದು ಕೇಳಿ ಸುಮ್ಮನಾಗುವುದಕ್ಕಿಂತ 'ಇದನ್ನು ಹೀಗೆ ಹೇಳಬೇಕಾದ ಅಗತ್ಯ ಯಾರಿಗಿತ್ತು' ಎಂದು ಕೇಳುವುದು ಜಾನಪದ ಅಧ್ಯಯನಕ್ಕೆ ಹೆಚ್ಚು ಉಪಯುಕ್ತ.

ಈ ಕಥನದ ಮೂರು ಪಾಠಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಹದಿನೇಳನೆಯ ಶತಮಾನದ ಉತ್ತರಾರ್ಧದ ತಾಮ್ರಶಾಸನಗಳಲ್ಲಿ ಬರುವ ವಂಶವರ್ಣನೆ ಮೊದಲನೆಯದು. ಅದರ ಪ್ರಕಾರ ಯಾದವ ಕುಲದ ಕೆಲವರು ತಮ್ಮ ಮನೆದೇವರಾದ ನಾರಾಯಣನನ್ನು ಕಾಣಲು ದ್ವಾರಕೆಯಿಂದ ಯದುಗಿರಿಗೆ ಬಂದರು. ಈ ನಾಡಿನ ಚೆಲುವಿಗೆ ಮನಸೋತು ಮಹಿಷಪುರದಲ್ಲಿ ನೆಲೆನಿಂತರು. ಅಷ್ಟೇ. ಈ ನಿರೂಪಣೆಯಲ್ಲಿ ಹದಿನಾಡಿನ ವಿಧವೆಯಿಲ್ಲ, ಮಗಳಿಲ್ಲ, ಮಾರನಾಯಕನಿಲ್ಲ, ಜಂಗಮನೂ ಇಲ್ಲ. ನಾಡಿನ ಚೆಲುವು ಎಂಬ ಒಂದು ಮಾತು ಇಡೀ ಮದುವೆಯ ಜಾಗವನ್ನು ತುಂಬಿಬಿಟ್ಟಿದೆ. ಬರಿದಾದ ನೆಲದ ಮೇಲೆ ದೇವರ ಭಕ್ತರು ಬಂದು ಕುಳಿತಂತೆ ಅದರ ಧಾಟಿ.

ಎರಡನೆಯದು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಚರಿತ್ರೆಯ ಮೊದಲ ಸಂಪುಟದಲ್ಲಿರುವುದು. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು. ಅಲ್ಲಿ ತನಗೆ ದೊರೆತ ಬರಹಗಳನ್ನೂ ಹೇಳಿಕೆಗಳನ್ನೂ ಬಳಸಿದವನು. ಅವನ ಪಾಠದಲ್ಲಿ ಸೋದರರ ಹೆಸರು ವಿಜಯ ಮತ್ತು ಕೃಷ್ಣ. ಅವರು ಬಂದದ್ದು ದ್ವಾರಕೆಯಿಂದ ನೇರವಾಗಿ ಅಲ್ಲ, ವಿಜಯನಗರದ ಆಸ್ಥಾನದಿಂದ, ಅದೂ ಬದುಕನ್ನು ಅರಸಿಕೊಂಡು. ಹದಿನಾಡಿನ ಒಡೆಯನಿಗೆ ಬುದ್ಧಿಭ್ರಮಣೆಯಾಗಿ ಆತ ಊರು ಬಿಟ್ಟು ಹೋಗಿದ್ದಾನೆ. ಕಾರುಗಹಳ್ಳಿಯ ನಾಯಕ ಯುದ್ಧ ಇಲ್ಲವೇ ಹೆಣ್ಣು ಎಂದು ಕೇಳಿದ್ದಾನೆ. ಮನೆಯವರು ಮನಸ್ಸಿಲ್ಲದೆ ಒಪ್ಪಿದ್ದಾರೆ. ಮದುವೆಯ ಔತಣದಲ್ಲಿ ಸೋದರರು ನಾಯಕನನ್ನು ಕೊಂದು, ಕಾರುಗಹಳ್ಳಿಯನ್ನು ಹಿಡಿದು ಮರಳುತ್ತಾರೆ. ಹುಡುಗಿ ಮನಃಪೂರ್ವಕವಾಗಿ ವಿಜಯನನ್ನು ವರಿಸುತ್ತಾಳೆ. ಆಮೇಲೆ ಬರುವ ಒಂದು ಸಂಗತಿ ನಮ್ಮ ಚರ್ಚೆಗೆ ಬಹಳ ಮುಖ್ಯವಾದುದು. ವಿಜಯನು ಒಡೆಯನೆಂಬ ಬಿರುದನ್ನು ತೆಗೆದುಕೊಂಡ, ಅದರ ಜೊತೆಗೆ ಜಂಗಮರ ಮತವನ್ನೂ ಸ್ವೀಕರಿಸಿದ ಎಂದು ವಿಲ್ಕ್ಸ್ ಬರೆಯುತ್ತಾನೆ.

ಮೂರನೆಯದು ಅರಮನೆಯ ಪಾಠ. 'ಶ್ರೀಮನ್ಮಹಾರಾಜರವರ ವಂಶಾವಳಿ'ಯೆಂಬ ಹೆಸರಿನಲ್ಲಿ 1916 ಮತ್ತು 1922ರಲ್ಲಿ ಎರಡು ಭಾಗಗಳಾಗಿ ಅಚ್ಚಾದ ಗ್ರಂಥ ಇದಕ್ಕೆ ಅಧಿಕೃತತೆಯನ್ನು ಒದಗಿಸಿತು. ಲೇಖನದ ಆರಂಭದಲ್ಲಿ ಸಂಗ್ರಹಿಸಿದ ಕಥೆ ಈ ಪರಂಪರೆಗೆ ಸೇರಿದ್ದು. ತಾಮ್ರಶಾಸನಗಳ ದ್ವಾರಕೆ, ಯದುಗಿರಿಗಳೂ ವಿಲ್ಕ್ಸ್‌ಗೆ ದೊರೆತಿದ್ದ ಹದಿನಾಡಿನ ಮದುವೆಯೂ ಇಲ್ಲಿ ಒಂದಾಗಿವೆ. ಆದರೆ ಈ ಬೆಸುಗೆಯಲ್ಲಿ ಒಂದು ಕಡೆ ಎಳೆ ತುಂಡಾಗಿದೆ.

ತುಂಡಾದ ಎಳೆ 'ಒಡೆಯ' ಎಂಬ ಪದದ್ದು. ವಿಲ್ಕ್ಸ್‌ನ ಪಾಠದಲ್ಲಿ ಹದಿನಾಡಿನ ಹಳೆಯ ದೊರೆಯೇ ಒಡೆಯ. ಹುಡುಗಿಯ ಮನೆಯವರು ಜಂಗಮ ಮತದವರು. ಆದುದರಿಂದ ಆ ಮನೆಗೆ ಅಳಿಯನಾಗಿ ಬಂದವನು ಆ ಮನೆಯ ಬಿರುದನ್ನೂ ಮತವನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಾನೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನು ತಂದುಕೊಳ್ಳುವ ಪದ್ಧತಿ ದಕ್ಷಿಣ ಕರ್ನಾಟಕದ ಒಕ್ಕಲು ಸಮುದಾಯಗಳಲ್ಲಿ ವ್ಯಾಪಕವಾಗಿತ್ತು. ತೆಲುಗು ಗಡಿಯ ಭಾಗದಲ್ಲಿ ಇದನ್ನು ಇಲ್ಲಟ ಎನ್ನುತ್ತಾರೆ. ಹಾಗೆ ಬಂದವನು ಮಾವನ ಮನೆಯ ಹೊಲ ಉಳುತ್ತಾನೆ, ಮಾವನ ಮನೆಯ ದೇವರಿಗೆ ನಡೆದುಕೊಳ್ಳುತ್ತಾನೆ, ಅವನ ಮಕ್ಕಳು ಆ ಮನೆಯ ವಾರಸುದಾರರಾಗುತ್ತಾರೆ. ಅರಮನೆಯ ಪಾಠದಲ್ಲಾದರೋ ಬಿರುದು ಮಾವನ ಮನೆಯಿಂದ ಬರುವುದಿಲ್ಲ. ದಾರಿಯಲ್ಲಿ ಸಿಕ್ಕ ಉಪಕಾರಿ ಜಂಗಮನಿಂದ ಬರುತ್ತದೆ. ಮತಸ್ವೀಕಾರ ಬಿಟ್ಟುಹೋಗಿ, ಕೃತಜ್ಞತೆ ಮಾತ್ರ ಉಳಿಯುತ್ತದೆ. ಹೆಂಡತಿಯ ಮನೆಯಿಂದ ಪಡೆದದ್ದು ಋಣ. ಜಂಗಮನಿಂದ ಪಡೆದದ್ದು ಆಶೀರ್ವಾದ. ಅರಸನಿಗೆ ಆಶೀರ್ವಾದ ಶೋಭಿಸುತ್ತದೆ, ಅಳಿಯತನದ ಋಣ ಶೋಭಿಸುವುದಿಲ್ಲ.

ಈ ಬದಲಾವಣೆಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಮೇಲುಕೋಟೆಯ ಚೆಲುವನಾರಾಯಣನಿಗೆ ರಾಜಮುಡಿ ಕಿರೀಟವನ್ನು ಒಪ್ಪಿಸಿದವರು. ಅಲ್ಲಿಂದ ಮುಂದೆ ಮೇಲುಕೋಟೆ ಮತ್ತು ಶ್ರೀರಂಗಪಟ್ಟಣದ ವೈಷ್ಣವ ಕ್ಷೇತ್ರಗಳೊಡನೆ ಮನೆತನದ ನಂಟು ಗಟ್ಟಿಯಾಯಿತು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ತಿರುಮಲಾರ್ಯನಂತಹ ಶ್ರೀವೈಷ್ಣವ ಮಂತ್ರಿ-ಕವಿಗಳು ಆ ವಂಶವನ್ನು ವರ್ಣಿಸಿದರು. ವಿಜಯನಗರದ ಅಧಿಕಾರ ಕುಸಿದ ಮೇಲೆ ಸ್ವತಂತ್ರರಾಗಿ ನಿಂತ ಅರಸರಿಗೆ ತಮ್ಮದೇ ಆದ, ಹಳೆಯದಾದ, ಗಂಡುಸಂತತಿಯ ಮೂಲವೊಂದು ಬೇಕಾಗಿತ್ತು. ಯಾದವ ಮೂಲದ ಮಾದರಿ ಕನ್ನಡ ನಾಡಿನಲ್ಲಿ ಸಿದ್ಧವಾಗಿಯೇ ಇತ್ತು: ಹೊಯ್ಸಳರು 'ದ್ವಾರಾವತೀಪುರವರಾಧೀಶ್ವರ' ಎಂದು ತಮ್ಮನ್ನು ಕರೆದುಕೊಂಡಿದ್ದರು, ವಿಜಯನಗರದ ಸಂಗಮರೂ ಯದುವಂಶವನ್ನು ಹೇಳಿಕೊಂಡಿದ್ದರು. ಒಡೆಯರ ಕಥೆಯ ದ್ವಾರಕೆ ಗುಜರಾತಿನದೋ ಅಥವಾ ಹೊಯ್ಸಳರ ದೋರಸಮುದ್ರದ ನೆನಪೋ ಎಂಬ ಚರ್ಚೆ ಇತಿಹಾಸಕಾರರಲ್ಲಿದೆ. ನನಗೆ ಎರಡನೆಯದು ಹೆಚ್ಚು ಸಹಜವಾಗಿ ತೋರುತ್ತದೆಯಾದರೂ ಕಥನದ ಕೆಲಸದ ದೃಷ್ಟಿಯಿಂದ ವ್ಯತ್ಯಾಸ ದೊಡ್ಡದಲ್ಲ. ವರ ಹೊರಗಿನಿಂದ, ಎತ್ತರದಿಂದ ಬಂದವನೆಂದು ಹೇಳಬೇಕಾಗಿತ್ತು, ಹೇಳಲಾಯಿತು.

ಈಗ ಮಾರನಾಯಕನ ವಿಚಾರಕ್ಕೆ ಬರೋಣ. ವಿಲ್ಕ್ಸ್‌ನಿಂದ ಮೊದಲ್ಗೊಂಡು ನಂತರದ ಬರಹಗಳೆಲ್ಲ ಇವನನ್ನು ಕೀಳು ಕುಲದವನು, ಉದ್ಧಟ ಎಂದು ವರ್ಣಿಸುತ್ತವೆ. ಆದರೆ ಇವನು ಮಾಡಿದ್ದಾದರೂ ಏನು? ಪಕ್ಕದ ಸೀಮೆಯ ದೊರೆಯಿಲ್ಲದ ಮನೆಯಲ್ಲಿ ಹೆಣ್ಣು ಕೇಳಿದ, ಕೊಡದಿದ್ದರೆ ಯುದ್ಧವೆಂದ. ಆ ಹೆಣ್ಣಿನ ಜೊತೆಗೆ ಸೀಮೆಯೂ ಬರುತ್ತದೆಂಬುದು ಅವನಿಗೆ ಗೊತ್ತಿತ್ತು. ಪಾಳೆಯಗಾರರ ಕಾಲದಲ್ಲಿ ಇದು ನಿತ್ಯದ ರಾಜಕಾರಣ. ಯದುರಾಯ ಮಾಡಿದ್ದೂ ಅದನ್ನೇ: ಹೆಣ್ಣಿನ ಮೂಲಕ ಸೀಮೆಯನ್ನು ಪಡೆದ, ಅದಕ್ಕಾಗಿ ಆಯುಧ ಹಿಡಿದ. ಒಂದೇ ಕೆಲಸವನ್ನು ಇಬ್ಬರು ವರರು ಮಾಡಿದ್ದಾರೆ. ಒಬ್ಬನದು ಅಧರ್ಮವೆಂದೂ ಇನ್ನೊಬ್ಬನದು ಧರ್ಮವೆಂದೂ ಕಾಣುವುದಕ್ಕೆ ಕಥನದೊಳಗೆ ಎರಡೇ ಆಧಾರಗಳಿವೆ. ಒಂದು ಕುಲ, ಇನ್ನೊಂದು ಹುಡುಗಿಯ ಒಪ್ಪಿಗೆ. ಒಪ್ಪಿಗೆಯ ವಿಷಯದಲ್ಲಿ ನಿರೂಪಕರು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಒಂದು ವಿಶೇಷಣದಲ್ಲಿ ಮುಗಿಸುತ್ತಾರೆ. ಕುಲದ ಮೇಲೆಯೇ ಅವರ ಭಾರವೆಲ್ಲ. ಜಾನಪದ ವಿದ್ವಾಂಸರು ಈ ಕಥೆಯನ್ನು ಸಂಗ್ರಹಿಸಿ ಮರುಹೇಳುವಾಗ ಗೆದ್ದವರ ಈ ಬೈಗುಳವನ್ನು ನಿರ್ದುಷ್ಟ ಮಾಹಿತಿಯೆಂಬಂತೆ ದಾಟಿಸುತ್ತ ಬಂದಿರುವುದು ಸರಿಯಲ್ಲ. ಮಾರನಾಯಕನ ಕುಲ ಯಾವುದಾದರೂ ಆಗಿರಲಿ, 'ಕೀಳು' ಎಂಬುದು ಮಾಹಿತಿಯಲ್ಲ, ತೀರ್ಪು.

ಇನ್ನೂ ಒಂದು ಸೂಕ್ಷ್ಮವಿದೆ. ಯದುರಾಯ ಕಾರುಗಹಳ್ಳಿಯನ್ನು ಗೆದ್ದು ತನ್ನದಾಗಿಸಿಕೊಂಡನೆಂದು ಕಥೆ ಹೇಳುತ್ತದೆ. ಆದರೆ ಸುಮಾರು ಎರಡು ಶತಮಾನಗಳ ನಂತರ, ರಾಜ ಒಡೆಯರ (1578–1617) ಆಳಿಕೆಯ ಆರಂಭದ ವೃತ್ತಾಂತಗಳಲ್ಲಿ ಕಾರುಗಹಳ್ಳಿಯ ಪಾಳೆಯಗಾರ ಮತ್ತೆ ಸರಿಸಮಾನ ಪ್ರತಿಸ್ಪರ್ಧಿಯಾಗಿ ಕಾಣಿಸಿಕೊಳ್ಳುತ್ತಾನೆ. ಮೈಸೂರಿಗೂ ಕಾರುಗಹಳ್ಳಿಗೂ ನಡುವಿನ ಪೈಪೋಟಿ ಹದಿನಾರನೆಯ ಶತಮಾನದ ಕೊನೆಯಲ್ಲಿ ಜೀವಂತವಾಗಿತ್ತೆಂದರೆ, ಮಾರನಾಯಕನ ವಧೆಯ ಕಥೆ ಆ ಪೈಪೋಟಿಯ ಬಿಸಿಯಲ್ಲಿ ಈಗಿನ ಆಕಾರ ಪಡೆದಿರಬಹುದೆಂದು ಭಾವಿಸಲು ಅವಕಾಶವಿದೆ. ಹಾಗೆ ನೋಡಿದರೆ ಇದು 1399ರ ನೆನಪು ಎನ್ನುವುದಕ್ಕಿಂತ ಆ ನಂತರದ ಹಗೆತನಕ್ಕೆ ಹಿನ್ನೆಲೆ ಒದಗಿಸಿದ ಕಥೆ.

ಬಲಿಷ್ಠ ದೊರೆ ಹೆಣ್ಣು ಕೇಳುವುದು, ಹೆಣ್ಣಿನ ಮನೆಯವರು ಕೊಡಲೊಲ್ಲದೆ ಸಂಕಟಪಡುವುದು ಎಂಬ ಆಶಯ ಮೈಸೂರಿನ ಸ್ವತ್ತಲ್ಲ. ಇದನ್ನು ಅರಿಯಲು ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಬಂದು ಕೆಂಗೇರಿಯಲ್ಲಿ ನಿಂತು ನೋಡಿದರೆ ಸಾಕು. ವೃಷಭಾವತಿಯ ದಡದ ಈ ಊರು ಇಂದು ಮಹಾನಗರದೊಳಗೆ ಸೇರಿಹೋಗಿದೆ. 2021ರಿಂದ ಮೆಟ್ರೊ ರೈಲೂ ಇಲ್ಲಿಗೆ ಬರುತ್ತಿದೆ. ಆದರೆ ಹಿಂದೆ ಇದು ಎರಡು ಅರಸು ಕಥನಗಳ ಸರಹದ್ದಿನಲ್ಲಿದ್ದ ಊರು. ಅಚ್ಯುತರಾಯ (1529–1542) ಕೆಂಪೇಗೌಡನಿಗೆ ಬಿಟ್ಟುಕೊಟ್ಟನೆಂದು ಪರಂಪರೆ ಹೇಳುವ, ಮೂವತ್ತು ಸಾವಿರ ವರಹ ಹುಟ್ಟುವಳಿಯ ಹೋಬಳಿಗಳ ಪಟ್ಟಿಯಲ್ಲಿ ಹಲಸೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕುಂಬಳಗೋಡುಗಳ ಜೊತೆಗೆ ತೆಂಗೇರಿ ಎಂಬ ರೂಪದಲ್ಲಿ ಕೆಂಗೇರಿಯ ಹೆಸರಿದೆ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದರು. 1687ರ ಸುಮಾರಿಗೆ ಮೊಗಲರ ಕೈಯಿಂದ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಪಡೆದರು. 1728ರಲ್ಲಿ ಮಾಗಡಿಯೂ ಮೈಸೂರಿಗೆ ಸೇರಿತು. ಯಲಹಂಕ ನಾಡಪ್ರಭುಗಳ ಸೀಮೆ ಹೀಗೆ ತುಂಡುತುಂಡಾಗಿ ಒಡೆಯರ ಸೀಮೆಯಾಯಿತು. ಸೀಮೆಯ ಒಡೆತನ ಬದಲಾದರೂ ಅಲ್ಲಿಯ ಒಕ್ಕಲುಗಳು ಹೇಳಿಕೊಳ್ಳುತ್ತಿದ್ದ ಮೂಲಕಥೆ ಬದಲಾಗಲಿಲ್ಲ.

ಆ ಮೂಲಕಥೆ ಮೊರಸು ಒಕ್ಕಲಿಗರ ವಲಸೆಯದು, ಬಿ.ಎಲ್. ರೈಸ್ ಅವರ ಗೆಜೆಟಿಯರ್ ಕಾಲದಿಂದಲೂ ಅಚ್ಚಿನಲ್ಲಿದೆ. ಕಂಚಿಯ ಸೀಮೆಯ ಆಲೂರಿನಲ್ಲಿದ್ದ ರಣಭೈರೇಗೌಡನ ಮಗಳು ದೊಡ್ಡಮ್ಮನನ್ನು ಅಲ್ಲಿಯ ಬಲಿಷ್ಠ ದೊರೆ ಕೇಳುತ್ತಾನೆ. ಮನೆಯವರಿಗೆ ಒಪ್ಪಿಗೆಯಿಲ್ಲ. ಸೋದರರು ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಡುತ್ತಾರೆ. ಮುಂದೆ ಪಾಲಾರು ತುಂಬಿ ಹರಿಯುತ್ತಿದೆ, ಹಿಂದೆ ದೊರೆಯ ಸೈನ್ಯ. ದೊಡ್ಡಮ್ಮ ತನ್ನ ಕಿವಿಯ ಓಲೆಯನ್ನು ಗಂಗೆಗೆ ಅರ್ಪಿಸುತ್ತಾಳೆ, ಹೊಳೆ ದಾರಿ ಬಿಡುತ್ತದೆ. ದಾಟಿ ಬಂದವರು ನಂದಿಬೆಟ್ಟದ ಸೀಮೆಯಲ್ಲಿ, ಆವತಿಯಲ್ಲಿ ನೆಲೆಸುತ್ತಾರೆ. ಅವರ ಮನೆದೇವರು ಭೈರವ.

ಎರಡು ಕಥೆಗಳ ಆರಂಭ ಒಂದೇ ಅಚ್ಚಿನದು. ಎರಡರಲ್ಲಿಯೂ ಭೈರವನಿದ್ದಾನೆ, ನೀರಿನ ದಡವಿದೆ, ಬಲವಂತದ ವರನಿದ್ದಾನೆ. ಬಿಕ್ಕಟ್ಟು ಬಿಚ್ಚಿಕೊಳ್ಳುವ ಬಗೆ ಮಾತ್ರ ಬೇರೆ. ಒಕ್ಕಲಿಗರ ಕಥೆಯಲ್ಲಿ ಹೊರಗಿನ ವೀರ ಬರುವುದಿಲ್ಲ. ಹುಡುಗಿಯೇ ತನ್ನ ಒಡವೆ ಕೊಟ್ಟು ಇಡೀ ಕುಲವನ್ನು ದಾಟಿಸುತ್ತಾಳೆ. ಅವಳಿಗೆ ಹೆಸರಿದೆ, ಕೆಲಸವಿದೆ. ನಾಡು ಬಿಟ್ಟರೂ ಮನೆ ಒಡೆಯುವುದಿಲ್ಲ. ಮೈಸೂರಿನ ಕಥೆಯಲ್ಲಿ ಹುಡುಗಿ ನಾಡಿನಲ್ಲಿಯೇ ಉಳಿಯುತ್ತಾಳೆ, ಆದರೆ ಅವಳ ತವರಿನ ಮನೆ ವಂಶವಾಗಿ ಮುಗಿದುಹೋಗುತ್ತದೆ. ಅವಳ ಹೆಸರೂ ಸ್ಥಿರವಾಗಿಲ್ಲ: ಚಿಕ್ಕದೇವರಸಿ ಎಂದು ಒಂದು ಕಡೆ, ದೇವಾಜಮ್ಮಣ್ಣಿ ಎಂದು ಇನ್ನೊಂದು ಕಡೆ, ಮತ್ತೂ ಕೆಲವು ಕಡೆ ದೇವಾಜಮ್ಮಣ್ಣಿ ಎಂಬುದು ತಾಯಿಯ ಹೆಸರು. ಕಥನ ಯಾರನ್ನು ಹಕ್ಕಿನ ಮೂಲವೆಂದು ಅವಲಂಬಿಸಿದೆಯೋ ಅವಳ ಹೆಸರಿನಲ್ಲಿಯೇ ಈ ಗೊಂದಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಅವರು ಕನ್ನಡದ ಹೆಣ್ಣು ಕೇಂದ್ರಿತ ಕಥೆಗಳನ್ನು ಕುರಿತು ಬರೆಯುತ್ತ, ಅಂತಹ ಕಥೆಗಳಲ್ಲಿ ಮದುವೆ ಕೊನೆಯಲ್ಲ, ಅದರ ನಂತರವೇ ಹೆಣ್ಣಿನ ಪಾಡು ತೊಡಗುತ್ತದೆಂದು ಗುರುತಿಸಿದ್ದರು. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ವಿವರಿಸಿದ ಕಿನ್ನರಕಥೆಯ ರಚನೆಯಲ್ಲಿ ಮದುವೆ ಮತ್ತು ಪಟ್ಟ ಎಂಬುದು ಕಟ್ಟಕಡೆಯ ಕಾರ್ಯಘಟಕ. ಯದುರಾಯನ ಕಥೆ ನಮ್ಮ ಕೈಗೆ ಬಂದಿರುವುದು ಪ್ರಾಪ್ ಹೇಳಿದ ರೂಪದಲ್ಲಿ. ಅದೇ ವಸ್ತುವನ್ನು ಹದಿನಾಡಿನ ಹೆಂಗಸರು ತಮ್ಮೊಳಗೆ ಹೇಳಿಕೊಂಡಿದ್ದರೆ ಅದು ರಾಮಾನುಜನ್ ಗುರುತಿಸಿದ ಬಗೆಯ ಕಥೆಯಾಗುತ್ತಿತ್ತೇನೋ. ನೀರು ತರಲು ಬಂದ ಹೆಂಗಸರ ಮಾತಿನಿಂದಲೇ ಸೋದರರಿಗೆ ಸುದ್ದಿ ತಿಳಿಯಿತೆಂಬ ವಿವರ ಆ ಬೇರೆ ಹೇಳಿಕೆಯ ಗುರುತಾಗಿ ಎಲ್ಲ ಪಾಠಗಳ ನಡುವೆಯೂ ಉಳಿದುಕೊಂಡಿದೆ. ಹೆಂಗಸರು ಏನು ಹೇಳಿದರೆಂಬುದನ್ನು ಗಂಡಸರ ಮಾತಿನಲ್ಲಿಯೇ ನಾವು ಕೇಳಬೇಕಾಗಿದೆ.

ಇನ್ನೊಂದು ಹೋಲಿಕೆಯನ್ನೂ ಸೂಚಿಸಬಹುದು. ಬೆಂಗಳೂರಿನ ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಕೆಂಪೇಗೌಡನ ಸೊಸೆ ಲಕ್ಷ್ಮಮ್ಮ ಪ್ರಾಣ ಕೊಟ್ಟಳೆಂಬ ಐತಿಹ್ಯ ಪ್ರಸಿದ್ಧ. ಅವಳ ಸ್ಮಾರಕ ಕೋರಮಂಗಲದಲ್ಲಿದೆ. ಬೆಂಗಳೂರು ಸೊಸೆಯ ಮೇಲೆ ನಿಂತಿತು, ಮೈಸೂರು ಅಳಿಯನ ಮೇಲೆ ನಿಂತಿತು. ಹೊರಗಿನಿಂದ ಬಂದ ಹೆಣ್ಣು ಪ್ರಾಣ ಕೊಟ್ಟು ಮನೆಯವಳಾಗುತ್ತಾಳೆ, ಹೊರಗಿನಿಂದ ಬಂದ ಗಂಡು ಪಟ್ಟ ಪಡೆದು ಮನೆಯವನಾಗುತ್ತಾನೆ.

ಮನೆ ಅಳಿಯನ ಬಗ್ಗೆ ನಮ್ಮ ಗ್ರಾಮೀಣ ಸಮಾಜದ ಧೋರಣೆ ಇಬ್ಬಗೆಯದು. ಗಂಡುದಿಕ್ಕಿಲ್ಲದ ಮನೆಗೆ ಅವನು ಬೇಕು. ಆದರೆ ಅವನ ಬಗ್ಗೆ ಕುಹಕವೂ ಬೇಕು. 'ಅಳಿಯ ಅಲ್ಲ, ಮಗಳ ಗಂಡ' ಎಂಬ ನುಡಿಯಲ್ಲಿ ತಮಾಷೆಯೊಂದೇ ಇಲ್ಲ. ಅಳಿಯನೆಂಬ ಸ್ಥಾನಕ್ಕೆ ತನ್ನದೇ ಆದ ಬಲವಿಲ್ಲ, ಮಗಳಿಂದಾಗಿ ಮಾತ್ರ ಅವನಿಗೆ ಆ ಮನೆಯಲ್ಲಿ ಜಾಗ ಎಂಬ ತಿಳಿವೂ ಅದರಲ್ಲಿದೆ. ತುಳುನಾಡಿನ ಅಳಿಯಕಟ್ಟಿನ ಮಾತು ಬೇರೆ; ಅಲ್ಲಿ ಅಳಿಯನೆಂದರೆ ಸೋದರಿಯ ಮಗ, ಅವನ ಹಕ್ಕು ಹುಟ್ಟಿನಿಂದ ಬಂದದ್ದು. ಮೈಸೂರು ಸೀಮೆಯ ಅಳಿಯನಿಗೆ ಆ ಭದ್ರತೆಯಿಲ್ಲ. ಈ ಕುಹಕ ಅರಸನನ್ನು ತಟ್ಟಬಾರದೆಂಬ ಎಚ್ಚರವೇ ಯದುರಾಯನ ಹೆಸರಿನಿಂದ 'ಅಳಿಯ' ಎಂಬ ಪದವನ್ನು ದೂರವಿಟ್ಟಿತೆಂದು ನನ್ನ ಅಭಿಪ್ರಾಯ.

ಇದಕ್ಕೆ ವಿರುದ್ಧವಾದ ಉದಾಹರಣೆ ವಿಜಯನಗರದ ರಾಮರಾಯನದು. ಕೃಷ್ಣದೇವರಾಯನ ಮಗಳ ಗಂಡನಾದ ಈತ ಸದಾಶಿವರಾಯನನ್ನು ಹೆಸರಿಗೆ ಸಿಂಹಾಸನದಲ್ಲಿಟ್ಟು 1542ರಿಂದ 1565ರವರೆಗೆ ಸಾಮ್ರಾಜ್ಯವನ್ನು ತಾನೇ ನಡೆಸಿದ. ತಾಳಿಕೋಟೆಯ ಯುದ್ಧದಲ್ಲಿ ಸತ್ತ. ನಾಲ್ಕೂವರೆ ಶತಮಾನ ಕಳೆದರೂ ಕನ್ನಡಿಗರ ಬಾಯಲ್ಲಿ ಅವನು 'ಅಳಿಯ ರಾಮರಾಯ'ನೇ. ಅವನ ಅಧಿಕಾರ ಎಲ್ಲಿಂದ ಬಂದದ್ದೆಂಬುದನ್ನು ಜನರು ಅವನ ಹೆಸರಿನ ಮುಂದೆಯೇ ಇಟ್ಟಿದ್ದಾರೆ. ಭೈರವನ ಮುದ್ರೆಯ ನಾಣ್ಯಗಳನ್ನು ಅಪ್ಪಣೆಯಿಲ್ಲದೆ ಟಂಕಿಸಿದ್ದಕ್ಕೆ ಕೆಂಪೇಗೌಡನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟವನು ಈತನೇ ಎಂದು ಯಲಹಂಕ ನಾಡಪ್ರಭುಗಳ ಪರಂಪರೆ ನೆನೆಯುತ್ತದೆ. ಕೆಂಗೇರಿಯ ಸೀಮೆಗೂ ಈ ಅಳಿಯನ ಬಿಸಿ ತಟ್ಟಿತ್ತೆಂದಾಯಿತು. ಪಟ್ಟವೇರದೆ ಆಳಿದವನಿಗೆ ಅಳಿಯನೆಂಬ ಹೆಸರು ಅಂಟಿಕೊಂಡಿತು. ಅಳಿಯನಾಗಿಯೇ ಪಟ್ಟವೇರಿದವನಿಗೆ ಅದು ಅಂಟಲಿಲ್ಲ. ವ್ಯತ್ಯಾಸ ಇಷ್ಟೇ: ರಾಮರಾಯನ ಅರವೀಡು ಮನೆತನ ಸೋತು ಚದುರಿತು, ಯದುರಾಯನ ಸಂತತಿ ತನ್ನ ವಂಶಾವಳಿಯನ್ನು ತಾನೇ ಅಚ್ಚು ಹಾಕಿಸುವವರೆಗೂ ಬಾಳಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕಿತ್ತುಕೊಂಡದ್ದು ಈ ಅರವೀಡು ಮನೆತನದ ತಿರುಮಲರಾಯನಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಹೆಂಡತಿಯ ಹಕ್ಕಿನಿಂದ ಕಿರೀಟ ಪಡೆದವರು ಬೇರೆ ನಾಡುಗಳಲ್ಲಿಯೂ ಇದ್ದಾರೆ. ಯದುರಾಯನ ಸಮಕಾಲೀನನೆನ್ನಬಹುದಾದ ಒಬ್ಬನ ವಿಷಯ ಹೋಲಿಕೆಗೆ ತಕ್ಕುದಾಗಿದೆ. ಲಿಥುವೇನಿಯಾದ ದೊರೆ ಯಾಗೈಲಾ 1386ರಲ್ಲಿ ಪೋಲೆಂಡಿನ ಅರ್ಧಾಸನಿಯಲ್ಲ, ಸಾಕ್ಷಾತ್ ದೊರೆಯಾಗಿಯೇ ಪಟ್ಟಾಭಿಷಿಕ್ತಳಾಗಿದ್ದ ಯಾದ್ವಿಗಾಳನ್ನು ಮದುವೆಯಾದ. ಮದುವೆಗೆ ಮುನ್ನ ಅವಳ ನಾಡಿನ ಕ್ರೈಸ್ತ ಮತವನ್ನು ಸ್ವೀಕರಿಸಿ ಹೊಸ ಹೆಸರನ್ನಿಟ್ಟುಕೊಂಡ. ಅನಂತರವೇ ಅವನಿಗೆ ಕಿರೀಟ. ವಿಲ್ಕ್ಸ್‌ನ ವಿಜಯ ಹದಿನಾಡಿನಲ್ಲಿ ಮತವನ್ನೂ ಬಿರುದನ್ನೂ ತೆಗೆದುಕೊಂಡ ಕ್ರಮಕ್ಕೂ ಇದಕ್ಕೂ ಇರುವ ಸಾಮ್ಯ ಆಕಸ್ಮಿಕವಾದರೂ ಅರ್ಥಪೂರ್ಣ: ಮನೆಗೆ ಬರುವ ಅಳಿಯ ಆ ಮನೆಯ ದೇವರನ್ನೂ ಒಪ್ಪಿಕೊಂಡೇ ಬರಬೇಕು. ಯಾದ್ವಿಗಾ 1399ರಲ್ಲಿ, ಅಂದರೆ ನಮ್ಮ ಕಥೆ ಯದುರಾಯನ ಪಟ್ಟಕ್ಕೆ ನಿಗದಿಮಾಡಿದ ವರ್ಷದಲ್ಲಿಯೇ, ತೀರಿಕೊಂಡಳು. ಹೆಂಡತಿ ಹೋದ ಮೇಲೆ ಯಾಗೈಲಾನ ಹಕ್ಕು ಅಲುಗಾಡಿತು; ಹಳೆಯ ಪೋಲಿಷ್ ರಾಜವಂಶದ ಮೊಮ್ಮಗಳೊಬ್ಬಳನ್ನು 1402ರಲ್ಲಿ ಮದುವೆಯಾಗಿ ಅವನು ಅದನ್ನು ಭದ್ರಪಡಿಸಿಕೊಳ್ಳಬೇಕಾಯಿತು. ಅಲ್ಲಿ ದಾಖಲೆಗಳಿದ್ದುದರಿಂದ ಹೆಣ್ಣಿನ ಹಕ್ಕನ್ನು ಅಳಿಸಲಾಗಲಿಲ್ಲ.

ಮೈಸೂರಿನ ಕಥನ ಪರಂಪರೆಯಲ್ಲಿ ಮಾತು ಕಳೆದುಕೊಂಡ ಹೆಣ್ಣು ಬೇರೊಂದು ಕಡೆ ಮಾತು ಪಡೆದುಕೊಂಡಳೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಹದಿನಾಡಿನ ಹುಡುಗಿಯ ಕಥೆ ಬರಹದಲ್ಲಿ ಪ್ರಬಲ, ಜನರ ನಾಲಿಗೆಯಲ್ಲಿ ದುರ್ಬಲ. ಜನರ ನಾಲಿಗೆಯಲ್ಲಿ ಗಟ್ಟಿಯಾಗಿ ಉಳಿದದ್ದು ಅಲಮೇಲಮ್ಮನ ಶಾಪ. ಶ್ರೀರಂಗಪಟ್ಟಣ ಕೈಬಿಟ್ಟ ಮೇಲೆ ಅದರ ರಾಜಪ್ರತಿನಿಧಿಯ ಹೆಂಡತಿ ಅಲಮೇಲಮ್ಮ, ಒಡವೆಗಳಿಗಾಗಿ ಮೈಸೂರಿನ ಆಳುಗಳು ಬೆನ್ನಟ್ಟಿದಾಗ, ತಲಕಾಡು ಮರಳಾಗಲೆಂದೂ ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲೆಂದೂ ಶಪಿಸಿ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂಬುದು ಆ ಐತಿಹ್ಯ. ದೊಡ್ಡಮ್ಮನ ಕಥೆಯ ಒಡವೆ, ಹೊಳೆ, ಬೆನ್ನಟ್ಟುವಿಕೆ ಮೂರೂ ಇಲ್ಲಿವೆ. ಅಲ್ಲಿ ಹೊಳೆ ದಾರಿ ಕೊಟ್ಟಿತು, ಇಲ್ಲಿ ಹೊಳೆ ಅವಳನ್ನೇ ತೆಗೆದುಕೊಂಡಿತು. ಅಳಿಯತನದಿಂದ ಪಡೆದ ಪಟ್ಟಕ್ಕೆ ಸಂತಾನವೇ ಆಧಾರ, ಏಕೆಂದರೆ ಹೆಣ್ಣಿನ ಮನೆಯ ಹಕ್ಕು ಗಂಡಿನ ವಂಶದ ಹಕ್ಕಾಗಿ ಮಾರ್ಪಡುವುದು ಮಕ್ಕಳ ಮೂಲಕ. ಜನಪದದ ಶಾಪ ಸರಿಯಾಗಿ ಅಲ್ಲಿಗೇ ಗುರಿಯಿಟ್ಟಿದೆ. ವಂಶಾವಳಿ ಮುಚ್ಚಿಟ್ಟ ಜಾಗವನ್ನು ಶಾಪ ಮುಟ್ಟಿ ತೋರಿಸಿದೆ.

ಶಾಪ ಫಲಿಸಿತೋ ಇಲ್ಲವೋ ಎಂಬ ಚರ್ಚೆ ವಾರಪತ್ರಿಕೆಗಳಿಗೆ ಪ್ರಿಯವಾದುದು, ನಮಗೆ ಬೇಕಿಲ್ಲ. ದತ್ತುಸ್ವೀಕಾರ ಆ ಮನೆತನದಲ್ಲಿ ಪದೇ ಪದೇ ನಡೆದದ್ದಂತೂ ದಾಖಲೆಯ ಸಂಗತಿ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡ ಚಾಮರಾಜೇಂದ್ರ ಒಡೆಯರು 1868ರಲ್ಲಿ ಉತ್ತರಾಧಿಕಾರಿಯಾದರು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿ ಪ್ರಮೋದಾದೇವಿ ಒಡೆಯರ್ 2015ರಲ್ಲಿ ಯದುವೀರರನ್ನು ದತ್ತು ಪಡೆದರು. ಯದುವೀರರು ಹುಟ್ಟಿನಿಂದ ಈ ಮನೆತನಕ್ಕೆ ಸಂಬಂಧಿಸುವುದು ತಾಯಿ ತ್ರಿಪುರಸುಂದರಿದೇವಿ, ಆ ತಾಯಿಯ ತಾಯಿ ಗಾಯತ್ರಿದೇವಿ, ಗಾಯತ್ರಿದೇವಿಯವರ ತಂದೆ ಜಯಚಾಮರಾಜ ಒಡೆಯರು ಎಂಬ ದಾರಿಯಲ್ಲಿ, ಅಂದರೆ ಇಬ್ಬರು ಹೆಣ್ಣುಮಕ್ಕಳ ಮೂಲಕ. ದತ್ತಕದ ವಿಧಿ ಈ ಸಂಬಂಧವನ್ನು ತಂದೆ-ಮಗನ ಸಂಬಂಧವಾಗಿ ಬರೆದುಕೊಂಡಿತು. ದತ್ತು ತೆಗೆದುಕೊಂಡದ್ದು ಒಬ್ಬ ವಿಧವೆ ರಾಣಿ.